ವೀರಗಲ್ಲಿಗೆ ಓರೆಬೆಳಕು ಹಿಡಿದು

ಕೋಲಾರದ ಕಡೆಯ ಒಂದು ಕೆರೆ ಏರಿ. ಹೊಂಗೆಮರದ ಕೆಳಗೆ ಒಂದು ವೀರಗಲ್ಲು. ನೆಲದಿಂದ ಮೇಲೆ ಐದಡಿಗೆ ಸ್ವಲ್ಪ ಹೆಚ್ಚು, ಅಗಲ ಮೂರೂಕಾಲು ಅಡಿ, ದಪ್ಪ ಅರ್ಧ ಅಡಿ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದ ವೀರ, ಅವನ ಬೆನ್ನಿಗೆ ದನಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿದ್ದಾರೆ, ಮೇಲೆ ಕೈಲಾಸ. ಪಟ್ಟಿಕೆಗಳ ನಡುವಿನ ಅಡ್ಡದಿಂಡುಗಳ ಮೇಲೆ ಹಳಗನ್ನಡದ ಆರು ಸಾಲು. ಅಕ್ಷರಗಳ ಎತ್ತರ ಒಂದಂಗುಲ, ಆಳ ಎರಡು ಮಿಲಿಮೀಟರ್ ದಾಟುವುದಿಲ್ಲ. ಮಟಮಟ ಮಧ್ಯಾಹ್ನ ನೋಡಿದರೆ ಬರಹ ಇದೆಯೆಂದೇ ಗೊತ್ತಾಗದು. ಸಂಜೆ ಬಿಸಿಲು ಓರೆಯಾದಾಗ ಒಂದು ಹದಿನೈದು ನಿಮಿಷ ಅಕ್ಷರಗಳು ಎದ್ದು ಕಾಣುತ್ತವೆ, ಆಮೇಲೆ ಮರದ ನೆರಳು ಬಿದ್ದು ಮುಚ್ಚಿಕೊಳ್ಳುತ್ತವೆ.

ಆ ಹದಿನೈದು ನಿಮಿಷದ ಬೆಳಕನ್ನು ಕಂಪ್ಯೂಟರಿನಲ್ಲಿ ಬೇಕೆಂದಾಗ, ಬೇಕಾದ ದಿಕ್ಕಿನಿಂದ ಹರಿಸುವಂತೆ ಮಾಡುವುದು ಈ ಕೆಲಸದ ಗುರಿ. ಅದಕ್ಕೆ ನಾವು ಎರಡು ದಾರಿ ಬಳಸುತ್ತೇವೆ. ಇಡೀ ಕಲ್ಲಿಗೆ ಫೋಟೋಗ್ರಾಮೆಟ್ರಿ, ಅಂದರೆ ನೂರಾರು ಫೋಟೋಗಳಿಂದ ತ್ರೀಡಿ ಆಕಾರ ಕಟ್ಟುವುದು. ಸವೆದ ಸಾಲುಗಳಿಗೆ ಮಾತ್ರ ಆರ್‌ಟಿಐ (ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫಾರ್ಮೇಷನ್ ಇಮೇಜಿಂಗ್), ಅಂದರೆ ಕ್ಯಾಮೆರಾ ಅಲುಗಿಸದೆ ಬೆಳಕನ್ನು ಸುತ್ತಲೂ ಒಯ್ದು ತೆಗೆಯುವ ಚಿತ್ರಮಾಲೆ.

ಕಲ್ಲಿನ ಹತ್ತಿರ ಹೋಗುವ ಮೊದಲು ಅದು ಹಿಂದೆ ದಾಖಲಾಗಿದೆಯೇ ಎಂದು ನೋಡಬೇಕು. ಕೋಲಾರ ಜಿಲ್ಲೆಯ ಶಾಸನಗಳು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟದಲ್ಲಿವೆ, ಅಚ್ಚಾದದ್ದು 1905ರಲ್ಲಿ. ಅಲ್ಲಿ ಹುಡುಕುವವರು ಎಡವುವುದು ತಾಲ್ಲೂಕಿನ ಹೆಸರಿನಲ್ಲಿ. ಇಂದಿನ ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟೆ. ಚಿಂತಾಮಣಿ, ಬಾಗೇಪಲ್ಲಿ, ಶಿಡ್ಲಘಟ್ಟ ಇವೆಲ್ಲ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದರೂ ಆ ಪುಸ್ತಕದಲ್ಲಿ ಕೋಲಾರದಡಿಯೇ ಇವೆ. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ನಾಲ್ಕೈದು ರೀತಿ ಬರೆದು ಹುಡುಕಬೇಕು. ಸಿಕ್ಕದಿದ್ದರೆ ಕಲ್ಲಿಗೆ ಬೆಲೆಯಿಲ್ಲವೆಂದೇನಲ್ಲ. ಎಂಟನೇ ಶತಮಾನದ ಕಿತ್ತಯ್ಯನ ವೀರಗಲ್ಲು ಬೆಂಗಳೂರಿನ ಹೆಬ್ಬಾಳದಂಥ ಜಾಗದಲ್ಲೇ ಇದ್ದು ಬೆಳಕಿಗೆ ಬಂದದ್ದು 2018ರಲ್ಲಿ. ಸಿಕ್ಕರಂತೂ ಹಳೆಯ ಪಾಠವನ್ನು ಜೊತೆಗಿಟ್ಟುಕೊಳ್ಳಿ, ಆದರೆ ನಿಮ್ಮ ಓದು ಮುಗಿಯುವ ತನಕ ತೆರೆಯಬೇಡಿ. ಒಮ್ಮೆ ಅಚ್ಚಿನಲ್ಲಿ ಓದಿದ ಮೇಲೆ ಕಣ್ಣು ಅದನ್ನೇ ಕಲ್ಲಿನಲ್ಲಿ ಕಾಣುತ್ತದೆ.

ಅನುಮತಿಯ ಮಾತು ಚಿಕ್ಕದು. ಸಂರಕ್ಷಿತ ಸ್ಮಾರಕದ ಆವರಣದಲ್ಲಿದ್ದರೆ ಸಂಬಂಧಪಟ್ಟ ಪುರಾತತ್ವ ಇಲಾಖೆಯಿಂದ ಲಿಖಿತ ಒಪ್ಪಿಗೆ ಬೇಕು, ಟ್ರೈಪಾಡ್ ಒಯ್ಯುವುದಿದ್ದರೆ ಅದನ್ನೂ ಬರೆಯಿರಿ. ಹೊಲದಲ್ಲೋ ಏರಿಯ ಮೇಲೋ ಇದ್ದರೆ ಹೊಲದವರಿಗೂ ಗ್ರಾಮ ಪಂಚಾಯಿತಿಗೂ ಮುಂಚೆಯೇ ಹೇಳಬೇಕು. ಆರ್‌ಟಿಐಗೆ ಕತ್ತಲೆ ಬೇಕು, ರಾತ್ರಿ ಶಾಸನದ ಕಲ್ಲಿನ ಬಳಿ ಬೆಳಕು ಮಿಂಚಿದರೆ ನಿಧಿ ಅಗೆಯುವವರು ಬಂದರೆಂದೇ ಊರು ಎದ್ದು ಬರುತ್ತದೆ. ಹಾಗೆ ಬರುವ ಊರೇ ಒಳ್ಳೆಯದು. ನಿಧಿಯಾಸೆಗೆ ಒಡೆದುಹೋದ ಶಾಸನಗಳಿಗೆ ಲೆಕ್ಕವಿಲ್ಲ.

ಇನ್ನು ತೊಳೆಯುವುದು. ಬಕೆಟ್ ನೀರು, ಮೆತ್ತನೆಯ ನೈಲಾನ್ ಬ್ರಷ್, ಅಕ್ಷರದೊಳಗಿನ ಮಣ್ಣಿಗೆ ಬಿದಿರಿನ ಕಡ್ಡಿ, ಇಷ್ಟೇ. ತಂತಿ ಬ್ರಷ್, ಆಸಿಡ್, ಸೋಪು ಮುಟ್ಟಿಸಬಾರದು. ಬೂದು ಬಣ್ಣದ ಕಲ್ಲುಹೂವು ಗಟ್ಟಿಯಾಗಿ ಅಂಟಿದ್ದರೆ ಬಿಟ್ಟುಬಿಡಿ. ಅದರ ಬೇರಿನಂಥ ಎಳೆಗಳು ಗ್ರಾನೈಟಿನ ಕಣಗಳ ಸಂದಿಗೆ ಇಳಿದಿರುತ್ತವೆ, ಕಿತ್ತರೆ ಕಣವೂ ಬರುತ್ತದೆ, ಅದರೊಡನೆ ಅಕ್ಷರದ ಅಂಚೂ ಹೋಗುತ್ತದೆ. ಪೂಜೆಗೊಳ್ಳುವ ಕಲ್ಲಾದರೆ ಎಣ್ಣೆ, ಅರಿಶಿನ, ಕುಂಕುಮದ ಪದರವಿರುತ್ತದೆ. ಅದನ್ನು ತೆಗೆಯುವ ಹಕ್ಕು ನಮ್ಮದಲ್ಲ. ಪೂಜಾರಿಯವರನ್ನು ಕೇಳಿದರೆ ಸಾಮಾನ್ಯವಾಗಿ ಅಭಿಷೇಕದ ದಿನ ತೊಳೆದ ಮೇಲೆ ಬನ್ನಿ ಎನ್ನುತ್ತಾರೆ, ಕಾಯುವುದೇ ಸರಿ. ತೊಳೆದ ಕಲ್ಲು ಪೂರ್ತಿ ಆರಬೇಕು. ಮೇಲೆ ಒಣಗಿ ಗುಳಿಗಳಲ್ಲಿ ನೀರು ನಿಂತಿದ್ದರೆ ಒಂದೇ ಜಾಗ ಒಂದು ಫೋಟೋದಲ್ಲಿ ಕಪ್ಪು, ಹತ್ತು ನಿಮಿಷದ ನಂತರದ ಫೋಟೋದಲ್ಲಿ ಬಿಳುಪು. ಸಾಫ್ಟ್‌ವೇರ್ ಎರಡನ್ನೂ ಬೇರೆ ಬೇರೆ ಜಾಗವೆಂದು ತಿಳಿದು ಜೋಡಿಸಲು ಸೋಲುತ್ತದೆ.

ಅಕ್ಷರಗಳಿಗೆ ಸೀಮೆಸುಣ್ಣವೋ ವಿಭೂತಿಯೋ ತುಂಬಿ ಫೋಟೋ ತೆಗೆಯುವ ರೂಢಿ ಈಗಲೂ ಇದೆ. ದಯವಿಟ್ಟು ಮಾಡಬೇಡಿ. ತುಂಬಿದವರು ಎಲ್ಲಿ ಗೀಟು ಇದೆ ಎಂದುಕೊಂಡರೋ ಅಲ್ಲಿ ಬಿಳುಪು ಬೀಳುತ್ತದೆ. ಮುಂದೆ ಆ ಫೋಟೋ ನೋಡುವವರ ಕೈಗೆ ಸಿಗುವುದು ಕಲ್ಲಲ್ಲ, ತುಂಬಿದವರ ಓದು. ಬೇರೆಯವರು ಬಂದು ನಮ್ಮ ಓದನ್ನು ತಪ್ಪೆಂದು ತೋರಿಸಲು ಸಾಧ್ಯವಾಗುವಂತೆ ಕಲ್ಲನ್ನು ದಾಖಲಿಸಬೇಕು. ಮುಂದಿನ ಪ್ರತಿ ಹೆಜ್ಜೆಯಲ್ಲೂ ನಾವು ನೋಡಿಕೊಳ್ಳುವುದು ಇದನ್ನೇ.

ಹಳೆಯ ಪಡಿಯಚ್ಚಿನ ವಿಧಾನವನ್ನು ಹೀಗಳೆಯಲು ಈ ಮಾತಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಬ್ರಷ್ಷಿನಿಂದ ತಟ್ಟಿ, ಮೇಲೆ ಮಸಿ ಒತ್ತಿ ತೆಗೆದ ಅಚ್ಚುಗಳೇ ನೂರು ವರ್ಷದಿಂದ ಶಾಸನಶಾಸ್ತ್ರದ ಆಧಾರ. ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗದಲ್ಲಿ ಅಂಥ ಅಚ್ಚುಗಳ ದೊಡ್ಡ ಸಂಗ್ರಹವಿದೆ, ಮೂಲ ಕಲ್ಲೇ ಕಾಣೆಯಾದ ಕಡೆ ಅವೇ ಗತಿ. ಆದರೆ ಅಚ್ಚಿನಲ್ಲಿ ಆಳ ಉಳಿಯುವುದಿಲ್ಲ. ಉಳಿಯ ಗುಳಿ, ಮಳೆ ಕೊರೆದ ಗುಳಿ ಎರಡೂ ಒಂದೇ ಬಿಳುಪು. ಗ್ರಾನೈಟಿನಲ್ಲಿ ಈ ತೊಂದರೆ ಹೆಚ್ಚು.

ಕ್ಯಾಮೆರಾ ಕೆಲಸಕ್ಕೆ ಬರೋಣ. ನಮ್ಮದು 24 ಮೆಗಾಪಿಕ್ಸೆಲ್‌ನ ಎಪಿಎಸ್‌ಸಿ ಸೆನ್ಸರ್ ಕ್ಯಾಮೆರಾ, 35 ಮಿಲಿಮೀಟರಿನ ಜೂಮ್ ಇಲ್ಲದ ಲೆನ್ಸ್. ಕಲ್ಲಿನಿಂದ ಒಂದು ಮೀಟರ್ ದೂರ ನಿಂತರೆ ಒಂದು ಫೋಟೋದಲ್ಲಿ ಸುಮಾರು 67 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರ ಹಿಡಿಯುತ್ತದೆ. ಒಂದು ಪಿಕ್ಸೆಲ್ ಎಂದರೆ ಕಲ್ಲಿನ ಮೇಲೆ 0.11 ಮಿಲಿಮೀಟರ್. ಅಕ್ಷರದ ಗೀಟು ನಾಲ್ಕೈದು ಮಿಲಿಮೀಟರ್ ಅಗಲ ಇರುವಾಗ ಇದು ಸಾಕು. ಎರಡು ಮೀಟರ್ ದೂರಕ್ಕೆ ಸರಿದರೆ ಫೋಟೋ ಸಂಖ್ಯೆ ಕಾಲು ಭಾಗಕ್ಕೆ ಇಳಿಯುತ್ತದೆ, ಜೊತೆಗೆ ವಿವರವೂ ಅರ್ಧಕ್ಕೆ ಇಳಿಯುತ್ತದೆ. ಕೆಲಸ ಬೇಗ ಮುಗಿಯಿತೆಂದು ಹಿಗ್ಗಿ ಮನೆಗೆ ಬಂದರೆ ಷಕಾರದ ಹೊಟ್ಟೆಗೀಟು ಕಾಣದೆ ಅದು ಪಕಾರವಾಗಿ ಕೂತಿರುತ್ತದೆ.

ಅಪರ್ಚರ್ ಎಫ್ 8, ಐಎಸ್‌ಒ 100, ವೈಟ್ ಬ್ಯಾಲೆನ್ಸ್ ಕೈಯಾರೆ ಹೊಂದಿಸಿದ್ದು, ಫೈಲು ರಾ, ಅಂದರೆ ಕ್ಯಾಮೆರಾ ತಿದ್ದದೆ ಕುಗ್ಗಿಸದೆ ಇಡುವ ಮೂಲ ರೂಪ. ಫೋಕಸ್ ಒಮ್ಮೆ ಹಿಡಿದು, ಆಟೋ ಆರಿಸಿ, ಲೆನ್ಸಿನ ಉಂಗುರಕ್ಕೆ ಟೇಪು ಅಂಟಿಸುತ್ತೇವೆ. ಫೋಕಸ್ ಬದಲಾದರೆ ಲೆನ್ಸಿನ ಜ್ಯಾಮಿತಿಯೂ ಚೂರು ಬದಲಾಗುತ್ತದೆ, ಲೆಕ್ಕ ಅಲ್ಲೇ ತಪ್ಪುತ್ತದೆ. ಇದೇ ಕಾರಣಕ್ಕೆ ಕೈನಡುಕ ತಡೆಯುವ ಸ್ಟೆಬಿಲೈಸೇಷನ್ನನ್ನೂ ಆರಿಸಬೇಕು. ಎಫ್ 8ರಲ್ಲಿ ಒಂದು ಮೀಟರ್ ದೂರಕ್ಕೆ ಸುಮಾರು 25 ಸೆಂಟಿಮೀಟರ್ ಆಳ ಸ್ಪಷ್ಟವಾಗಿರುತ್ತದೆ, ಆದ್ದರಿಂದ ನಿಲ್ಲುವ ದೂರ ಒಂದೇ ಇರಲಿ. ಒಂದು ಮೀಟರಿನ ದಾರ ಕ್ಯಾಮೆರಾಕ್ಕೆ ಕಟ್ಟಿಕೊಂಡರೆ ಅಳತೆ ಸುಲಭ.

ಬೆಳಕು ಮಂಕಾಗಿ, ಸಮನಾಗಿ ಇರಬೇಕು. ಕಣ್ಣಿಗೆ ಅಕ್ಷರ ಕಾಣುವ ಓರೆಬಿಸಿಲು ಫೋಟೋಗ್ರಾಮೆಟ್ರಿಗೆ ಆಗದು, ಮೊದಲು ಕಲಿಯುವವರು ಇಲ್ಲೇ ತಪ್ಪುವುದು. ಇನ್ನೂರು ಫೋಟೋ ಮುಗಿಯುವಷ್ಟರಲ್ಲಿ ನೆರಳು ಸರಿದಿರುತ್ತದೆ. ಆಷಾಢದ ಮೋಡದ ದಿನ ಎಲ್ಲಕ್ಕಿಂತ ಉತ್ತಮ. ಇಲ್ಲದಿದ್ದರೆ ಸೂರ್ಯ ಏಳುವ ಮುಂಚಿನ ಬೆಳಕು. ಹೊಂಗೆಯೆಲೆಗಳ ಸಂದಿಯಿಂದ ಬೀಳುವ ಚುಕ್ಕೆ ಬಿಸಿಲಂತೂ ಬೇಡವೇ ಬೇಡ. ಅನಿವಾರ್ಯವಾದರೆ ಬಿಳಿ ಹತ್ತಿ ಬೆಡ್‌ಶೀಟನ್ನು ಎರಡು ಮಡಿಕೆ ಮಾಡಿ ಮೇಲೆ ಹಿಡಿಯಿರಿ. ನೀಲಿ ಟಾರ್ಪಾಲು ಕಟ್ಟಿದರೆ ಕಲ್ಲೆಲ್ಲ ನೀಲಿಯಾಗುತ್ತದೆ.

ಎದುರುಮುಖಕ್ಕೆ ಎಡದಿಂದ ಬಲಕ್ಕೆ ಪ್ರತಿ ಹೆಜ್ಜೆಗೆ 17 ಸೆಂಟಿಮೀಟರ್, ಒಂದು ಸಾಲು ಮುಗಿದ ಮೇಲೆ 18 ಸೆಂಟಿಮೀಟರ್ ಕೆಳಗೆ. ಹಾಗೆ ಮಾಡಿದರೆ ಅಕ್ಕಪಕ್ಕದ ಫೋಟೋಗಳ ನಡುವೆ ಮುಕ್ಕಾಲು ಭಾಗ ಎರಡರಲ್ಲೂ ಬಂದಿರುತ್ತದೆ. ಈ ಕಲ್ಲಿಗೆ ಸಾಲಿಗೆ 8ರಂತೆ 10 ಸಾಲು, 80 ಫೋಟೋ. ಅದರ ಮೇಲೆ ಎಡ, ಬಲ, ಮೇಲು, ಕೆಳಗಿನಿಂದ ಓರೆಯಾಗಿ 60. ಉಳಿಯ ಗೀಟಿನ ಒಳಗೋಡೆ ಕಾಣುವುದು ಈ ಓರೆ ಫೋಟೋಗಳಲ್ಲೇ, ಇವನ್ನು ಬಿಟ್ಟರೆ ಅಕ್ಷರಗಳು ಚಪ್ಪಟೆ. ಕ್ಯಾಮೆರಾ ತೊಂಬತ್ತು ಡಿಗ್ರಿ ತಿರುಗಿಸಿ 10. ಬೆನ್ನು ಮತ್ತು ಪಕ್ಕಗಳಿಗೆ 60. ಒಟ್ಟು 210 ಫೋಟೋ, ಆರು ಜಿಬಿಯಷ್ಟು. ಮುಂಭಾಗ ಮತ್ತು ಬೆನ್ನು ಎರಡು ತುಂಡಾಗಿ ಬಂದು ಒಂದಕ್ಕೊಂದು ಕೂಡುವುದಿಲ್ಲವೆಂಬ ದೂರು ಬಹಳ ಕೇಳುತ್ತೇವೆ. ದಪ್ಪದ ಅಂಚನ್ನು ತಿರುಗುವಾಗ ಫೋಟೋ ಕಡಿಮೆಯಾದದ್ದೇ ಕಾರಣ. ಅಂಚಿನ ಸುತ್ತ ಹತ್ತು ಡಿಗ್ರಿಗೊಂದು ಫೋಟೋ ತೆಗೆದರೆ ಅದು ಬಗೆಹರಿಯುತ್ತದೆ. ಜಾಗ ಬಿಡುವ ಮೊದಲು ಕ್ಯಾಮೆರಾದ ತೆರೆಯಲ್ಲಿ ಹತ್ತಿಪ್ಪತ್ತು ಫೋಟೋಗಳನ್ನಾದರೂ ಪೂರ್ತಿ ಹಿಗ್ಗಿಸಿ ನೋಡಿ. ಮಸುಕಾದದ್ದು ಮನೆಯಲ್ಲಿ ಗೊತ್ತಾದರೆ ಮತ್ತೆ ಅದೇ ಬೆಳಕು ಸಿಗಬೇಕು.

ಅಳತೆಪಟ್ಟಿ ಇಲ್ಲದ ತ್ರೀಡಿ ಬರೀ ಆಕಾರ, ಅದಕ್ಕೆ ಅಳತೆ ಇರುವುದಿಲ್ಲ. 25 ಸೆಂಟಿಮೀಟರಿನ ನಾಲ್ಕು ಪಟ್ಟಿಗಳನ್ನು ಕಲ್ಲಿನ ಸುತ್ತ, ಅಕ್ಷರಕ್ಕೆ ತಾಗದಂತೆ ನಿಲ್ಲಿಸುತ್ತೇವೆ. ಪಟ್ಟಿಯ ಗುರುತುಗಳನ್ನು ಪ್ರಿಂಟ್ ಅಂಗಡಿಯಲ್ಲಿ ಹಾಕಿಸಿದರೆ 'ಪುಟಕ್ಕೆ ಹೊಂದಿಸು' ಎಂಬ ಆಯ್ಕೆ ತಾನಾಗಿ ಇರುತ್ತದೆ, 25 ಸೆಂಟಿಮೀಟರ್ ಎಂದು ಬರೆದದ್ದು ಇಪ್ಪತ್ತನಾಲ್ಕೂ ಚಿಲ್ಲರೆಯಾಗಿ ಹೊರಬರುತ್ತದೆ. ಪ್ರಿಂಟ್ ಆದ ಮೇಲೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು, ಅಳೆದ ಸಂಖ್ಯೆಯನ್ನೇ ಲೆಕ್ಕಕ್ಕೆ ಕೊಡಿ. ಎರಡು ಪಟ್ಟಿ ಅಳತೆ ಕೂರಿಸಲು, ಉಳಿದೆರಡು ತಾಳೆ ನೋಡಲು. ವ್ಯತ್ಯಾಸ ಅರ್ಧ ಮಿಲಿಮೀಟರ್ ಮೀರಿದರೆ ಎಲ್ಲೋ ತಪ್ಪಿದೆ ಎಂದರ್ಥ.

ಸಾಲು 3 ಮತ್ತು 4 ದನ ಮೈಯುಜ್ಜಿ ನಯವಾಗಿವೆ. ಇವಕ್ಕೆ ಆರ್‌ಟಿಐ. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು ಪ್ರಕಟಿಸಿದ ವಿಧಾನದಿಂದ ಬೆಳೆದದ್ದಿದು. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಬಿಗಿದು, ಕಾಲುಗಳಿಗೆ ಮರಳಿನ ಚೀಲ ನೇತುಹಾಕಿ, ಕೇಬಲ್ಲಿನಿಂದ ಕ್ಲಿಕ್ ಮಾಡುತ್ತೇವೆ. ಕ್ಯಾಮೆರಾ ಹಿಡಿಯುವ ಚೌಕಟ್ಟಿನ ಎರಡು ಬದಿಗೆ ಕಪ್ಪು ಹೊಳಪಿನ ಚೆಂಡು ಒಂದೊಂದು, ಸ್ನೂಕರಿನ ಕಪ್ಪು ಚೆಂಡು ಸಾಕು. ಬೆಳಕು ಎಲ್ಲಿಂದ ಬಂತೆಂದು ಸಾಫ್ಟ್‌ವೇರಿಗೆ ತಿಳಿಯುವುದು ಆ ಚೆಂಡಿನ ಮೇಲಿನ ಹೊಳೆಚುಕ್ಕೆಯಿಂದ. ಆಮೇಲೆ ಫ್ಲಾಶನ್ನು ಕೈಯಲ್ಲಿ ಹಿಡಿದು ಹನ್ನೆರಡು ದಿಕ್ಕಿನಿಂದ, ಪ್ರತಿ ದಿಕ್ಕಿನಲ್ಲಿ 15, 30, 45, 60 ಡಿಗ್ರಿ ಏರಿನಿಂದ ಬೆಳಕು. ಲೆಕ್ಕಕ್ಕೆ 48 ಫೋಟೋ. ದೂರ ಸದಾ ಒಂದೇ ಇರಲೆಂದು ಫ್ಲಾಶಿಗೆ 2.4 ಮೀಟರ್ ದಾರ, ಚೌಕಟ್ಟಿನ ಕರ್ಣದ ಮೂರರಷ್ಟು. ದಾರದ ತುದಿಯನ್ನು ಕಲ್ಲಿನ ನಡುವಿಗೆ ಹಿಡಿದು ಅಳೆದು, ಕ್ಲಿಕ್ಕಿಗೆ ಮೊದಲು ಸರಿಸಬೇಕು. ದಾರ ಫೋಟೋದಲ್ಲಿ ಬಿದ್ದರೆ ಆ ಫೋಟೋ ಹೋಯಿತು.

ನಿಂತ ಕಲ್ಲಿಗೆ ಕೆಳಗಿನಿಂದ ಬೆಳಕು ಕೊಡಲು ನೆಲ ಬಿಡುವುದಿಲ್ಲ. ಕೆಳದಿಕ್ಕಿನ ಹತ್ತು ಫೋಟೋಗಳು ಕೈಬಿಟ್ಟು 38 ಉಳಿಯುತ್ತವೆ. ಅಡ್ಡಗೀಟುಗಳಿಗೆ ಮೇಲಿನ ಬೆಳಕೇ ಸಾಕಾದರೂ ಕೆಳ ಅಂಚಿನ ವಿವರ ಚೂರು ದುರ್ಬಲವಾಗಿರುತ್ತದೆ, ಇದನ್ನು ದಾಖಲೆಯಲ್ಲಿ ಬರೆದಿಡುತ್ತೇವೆ.

ಫೋಟೋಗಳ ಜೋಡಣೆಗೆ ಮೆಟಾಶೇಪ್ ಎಂಬ ಸಾಫ್ಟ್‌ವೇರ್ ಬಳಸುತ್ತೇವೆ. ಉಚಿತವೇ ಬೇಕೆಂದರೆ ಮೆಶ್‌ರೂಮ್ ಇದೆ, ಅದಕ್ಕೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಬೇಕು. 32 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಸಂಜೆ ಒಪ್ಪಿಸಿದರೆ ಬೆಳಗ್ಗೆ ಮಾದರಿ ಸಿದ್ಧ. ಇಲ್ಲಿ ಎರಡು ಆಯ್ಕೆಗಳು ಮುಖ್ಯ. ಆಳದ ಲೆಕ್ಕದಲ್ಲಿ ತಪ್ಪೆನಿಸಿದ್ದನ್ನು ಸೋಸುವ ಡೆಪ್ತ್ ಫಿಲ್ಟರಿಂಗ್ 'ಮೈಲ್ಡ್' ಇರಲಿ. 'ಅಗ್ರೆಸಿವ್' ಕೊಟ್ಟರೆ ಕಲ್ಲು ನುಣ್ಣಗೆ ಚೆಂದ ಕಾಣುತ್ತದೆ, ಸವೆದ ಅಕ್ಷರಗಳನ್ನೂ ಒರಟುತನವೆಂದು ಒರೆಸಿಬಿಡುತ್ತದೆ. ಎರಡನೆಯದು, ತೂತು ಮುಚ್ಚುವ ಇಂಟರ್‌ಪೊಲೇಷನ್ ಆರಿಸಿ. ಫೋಟೋ ಸಾಲದ ಕಡೆ ತೂತು ತೂತಾಗಿಯೇ ಉಳಿಯಲಿ. ಇಲ್ಲದ ಮೇಲ್ಮೈಯನ್ನು ಸಾಫ್ಟ್‌ವೇರ್ ಊಹಿಸಿ ತುಂಬಿದರೆ ಅದೂ ಸೀಮೆಸುಣ್ಣ ತುಂಬಿದಂತೆಯೇ.

ತ್ರೀಡಿಯಲ್ಲಿ ಕಲ್ಲಿನ ಬಣ್ಣವನ್ನು ಆರಿಸಿ ಬರೀ ಆಕಾರ ನೋಡಿದಾಗ ಅರ್ಧ ಕೆಲಸ ಆದಂತೆ. ಕುಂಕುಮದ ಕಲೆ, ಕಲ್ಲುಹೂವಿನ ಬೂದು, ಎಲ್ಲ ಹೋಗಿ ಗೀಟುಗಳಷ್ಟೇ ಉಳಿಯುತ್ತವೆ. ತ್ರೀಡಿ ಮಾದರಿ ನೋಡುವ ಮೆಶ್‌ಲ್ಯಾಬ್ ಸಾಫ್ಟ್‌ವೇರಿನಲ್ಲಿ ಉಬ್ಬುತಗ್ಗು ಎತ್ತಿ ತೋರಿಸುವ 'ರೇಡಿಯನ್ಸ್ ಸ್ಕೇಲಿಂಗ್' ಇದಕ್ಕೆ ಒಳ್ಳೆಯದು. ಇನ್ನೂ ಹಠಮಾರಿ ಸಾಲುಗಳಿಗೆ ಆಳದ ನಕ್ಷೆ ಮಾಡುತ್ತೇವೆ. ಒಂದು ಸಮತಲ ಇಟ್ಟು ಆಳ ಅಳೆದರೆ ಕಲ್ಲಿನ ಉಬ್ಬುತಗ್ಗೇ ಎದ್ದು ಕಂಡು ಅಕ್ಷರ ಮುಳುಗುತ್ತದೆ, ಏಕೆಂದರೆ ಚಪ್ಪಡಿ ಎಂದೂ ನೇರವಾಗಿರುವುದಿಲ್ಲ. ಅದಕ್ಕೆ ಮಾದರಿಯ ಇನ್ನೊಂದು ಪ್ರತಿ ತೆಗೆದು, ಎರಡು ಸೆಂಟಿಮೀಟರಿಗಿಂತ ಸಣ್ಣ ವಿವರವೆಲ್ಲ ಅಳಿಯುವಷ್ಟು ನುಣುಪು ಮಾಡಿ, ಮೂಲದಿಂದ ಅದನ್ನು ಕಳೆಯಬೇಕು. ಉಳಿಯುವುದು ಉಳಿಯ ಗೀಟು ಮತ್ತು ಗುಳಿಗಳು, ಆಳಕ್ಕೆ ತಕ್ಕ ಕಪ್ಪಿನಲ್ಲಿ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನಾಲ್ಕನೇ ಸಾಲಿನಲ್ಲಿ 'ತುಱುವಂ ಮಗುೞ್ಚಿ' ಎಂದಿದೆ, ದನಗಳನ್ನು ಮರಳಿ ತಂದು ಎಂದರ್ಥ, ವೀರಗಲ್ಲುಗಳಲ್ಲಿ ಮೇಲಿಂದ ಮೇಲೆ ಬರುವ ಮಾತು. ತಕರಾರು ವಕಾರದ ಪಕ್ಕದ ಸೊನ್ನೆಯದು. ಅಲ್ಲಿರುವುದು ಮೂರು ಮಿಲಿಮೀಟರ್ ಅಗಲದ ಒಂದು ಗುಳಿ. ಈ ಕಲ್ಲಿನಲ್ಲಿ ಅಂಥ ಗುಳಿಗಳು ಬೇಕಾದಷ್ಟಿವೆ, ಗ್ರಾನೈಟಿನ ಕಣ ಉದುರಿದ ಜಾಗಗಳು. ಫೋಟೋದಲ್ಲಿ ನೋಡಿದರೆ ಯಾವುದು ಸೊನ್ನೆ, ಯಾವುದು ಕಣ ಬಿದ್ದ ಗುಂಡಿ ಎಂದು ಹೇಳಲಾಗದು. ಮಾದರಿಯನ್ನು ಅಡ್ಡಕ್ಕೆ ಸೀಳಿ ನೋಡಿದಾಗ ಈ ಗುಳಿಯ ಗೋಡೆ ಕಡಿದಾಗಿದೆ, ತಳ 1.6 ಮಿಲಿಮೀಟರಿನಲ್ಲಿದೆ. ಅದೇ ಸಾಲಿನ ಗೀಟುಗಳ ತಳವೂ ಒಂದೂವರೆಯ ಆಸುಪಾಸು. ಸಾಲಿನ ಕೆಳಗಿನ ಇನ್ನೊಂದು ಗುಳಿ ಆರು ಮಿಲಿಮೀಟರ್ ಅಗಲ, ಬಟ್ಟಲಿನಂತೆ ತೆಳು. ಆರ್‌ಟಿಐಯಲ್ಲಿ ಬೆಳಕನ್ನು ಬಲದಿಂದ ಹರಿಸಿದಾಗಲೂ ಮೊದಲ ಗುಳಿಯ ಅಂಚು ಮಾತ್ರ ಚೂಪಾಗಿ ಕಾಣುತ್ತದೆ. ಹಾಗಾಗಿ ಸೊನ್ನೆ ಎಂದು ಓದಿದೆವು, ಆದರೂ ಖಚಿತವಲ್ಲವೆಂದು ತೋರಿಸಲು ಚೌಕ ಕಂಸದಲ್ಲಿ ಇಟ್ಟೆವು. ವ್ಯಾಕರಣ ಸೊನ್ನೆಯನ್ನು ಬೇಡುತ್ತದೆ ಎಂಬುದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬಾರದು, ಕಂಡರಿಸಿದವರು ಸೊನ್ನೆ ಬಿಟ್ಟ ಕಲ್ಲುಗಳು ಎಷ್ಟೋ ಇವೆ.

ಪಾಠವನ್ನು ಕಲ್ಲಿನ ಸಾಲಿಗೆ ಸಾಲಾಗಿ, ಯೂನಿಕೋಡಿನಲ್ಲಿ ಟೈಪ್ ಮಾಡಬೇಕು. ಹಳೆಯ ನುಡಿ, ಬರಹ ಫಾಂಟುಗಳ ಆಸ್ಕಿ ಕಡತ ಹುಡುಕಾಟಕ್ಕೆ ಸಿಗುವುದಿಲ್ಲ. ಱ, ೞ ಎರಡೂ ಯೂನಿಕೋಡಿನಲ್ಲಿವೆ, ಅವನ್ನು ರ, ಳ ಎಂದು ಬದಲಿಸಬೇಡಿ, ಕಲ್ಲಿನ ಕಾಲ ಅಂದಾಜು ಮಾಡುವುದಕ್ಕೆ ಇವೇ ಸುಳಿವು. ಅಕ್ಷರಪಟ್ಟಿಯಲ್ಲಿ ೞ ಸಿಗಲಿಲ್ಲವೆಂದು ಕೆಲವರು ಕೈಬಿಡುತ್ತಾರೆ. ಅದರ ಹೆಸರು ಅಲ್ಲಿ ತಪ್ಪಾಗಿ ‘ಫ’ ಎಂಬರ್ಥದಲ್ಲಿ ದಾಖಲಾಗಿದೆ. ಯೂನಿಕೋಡಿನಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಪದ್ಧತಿಯಿಲ್ಲ, ತಿದ್ದುಪಡಿಯ ಹೆಸರನ್ನು ಪಕ್ಕಕ್ಕೆ ಸೇರಿಸಿದ್ದಾರೆ ಅಷ್ಟೇ. ಕೆಲವು ಫಾಂಟುಗಳಲ್ಲಿ 'ೞ್ಚ' ಒತ್ತು ಕೂಡದೆ ಒಡೆದು ಕಾಣುತ್ತದೆ. ಆಗ ಬದಲಿಸಬೇಕಾದ್ದು ಫಾಂಟು, ಅಕ್ಷರವಲ್ಲ. ಕೋಲಾರದ ಕಡೆ ಚೋಳರ ಕಾಲದ ಕಲ್ಲುಗಳಲ್ಲಿ ತಮಿಳೂ, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥಾಕ್ಷರವೂ ಬರುತ್ತವೆ. ಬಾರದ ಲಿಪಿಯನ್ನು ಊಹಿಸಿ ಓದುವ ಬದಲು ಮಾದರಿಯನ್ನೇ ಬಲ್ಲವರಿಗೆ ಕಳಿಸಿದರಾಯಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ, ಅಕ್ಷರ ಹೋಲಿಸಿ ನೋಡಲು ಅದು ದೊಡ್ಡ ಅನುಕೂಲ.

ಕಡತಗಳ ವಿಷಯದಲ್ಲಿ ನಮ್ಮ ಕಟ್ಟುನಿಟ್ಟು ಇಷ್ಟು. ರಾ ಫೋಟೋಗಳನ್ನು ಎಂದಿಗೂ ಅಳಿಸುವುದಿಲ್ಲ. ಮಾದರಿ ಕೆಟ್ಟರೆ ಅವುಗಳಿಂದ ಮತ್ತೆ ಕಟ್ಟಬಹುದು, ಹತ್ತು ವರ್ಷದ ನಂತರ ಬರುವ ಸಾಫ್ಟ್‌ವೇರ್ ಇದಕ್ಕಿಂತ ಚೆನ್ನಾಗಿಯೂ ಕಟ್ಟೀತು. ಮಾದರಿಯನ್ನು ಪಿಎಲ್‌ವೈ ಅಥವಾ ಒಬಿಜೆ ರೂಪದಲ್ಲಿ ಇಡುತ್ತೇವೆ, ಒಂದೇ ಕಂಪನಿಯ ಸಾಫ್ಟ್‌ವೇರ್ ಮಾತ್ರ ತೆರೆಯುವ ಪ್ರಾಜೆಕ್ಟ್ ಫೈಲನ್ನು ನಂಬುವುದಿಲ್ಲ. ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಪ್ರತಿ ಫೈಲಿಗೂ ಚೆಕ್‌ಸಮ್, ಅಂದರೆ ಫೈಲು ಚೂರು ಬದಲಾದರೂ ಬದಲಾಗುವ ಗುರುತು ಸಂಖ್ಯೆ, ಬರೆದಿಟ್ಟು ಆರು ತಿಂಗಳಿಗೊಮ್ಮೆ ತಾಳೆ ನೋಡುತ್ತೇವೆ, ಹಾರ್ಡ್‌ಡಿಸ್ಕ್ ಒಳಗೊಳಗೇ ಹಾಳಾಗುವುದು ಹೊರಗೆ ತಿಳಿಯುವುದಿಲ್ಲ. ಫೈಲಿನ ಹೆಸರಿನಲ್ಲಿ ಕನ್ನಡ ಅಕ್ಷರ, ಖಾಲಿ ಜಾಗ ಬೇಡ, ಕೆಲವು ಹಳೆಯ ಸಾಫ್ಟ್‌ವೇರುಗಳು ತೆರೆಯಲು ಮುಷ್ಕರ ಹೂಡುತ್ತವೆ. ಕನ್ನಡವೆಲ್ಲ ವಿವರಪತ್ರದಲ್ಲಿರಲಿ: ಊರು, ಹಳೆಯ ತಾಲ್ಲೂಕು, ಕಲ್ಲಿನ ಮುಖ ಯಾವ ದಿಕ್ಕಿಗೆ, ಅಳತೆ, ತೆಗೆದ ದಿನ, ಬೆಳಕು, ಲೆನ್ಸ್, ಫೋಟೋ ಸಂಖ್ಯೆ, ಪಟ್ಟಿಗಳ ತಾಳೆಯ ಫಲ. ಮೊಬೈಲಿನ ಜಿಪಿಎಸ್ ಬಯಲಿನಲ್ಲೇ ಐದು ಮೀಟರ್ ಆಚೀಚೆ ತೋರಿಸುತ್ತದೆ, ಮರದಡಿ ಇನ್ನೂ ಹೆಚ್ಚು. ಆದ್ದರಿಂದ ಕೆರೆಯ ತೂಬಿನಿಂದ ಎಷ್ಟು ಹೆಜ್ಜೆ ಎಂಬುದನ್ನೂ ಬರೆಯುತ್ತೇವೆ. ಕಾವಲಿಲ್ಲದ ಕಲ್ಲಾದರೆ ನಿಖರ ಜಾಗವನ್ನು ಸಾರ್ವಜನಿಕ ಪ್ರತಿಯಿಂದ ತೆಗೆಯುತ್ತೇವೆ.

ಈ ಕಲ್ಲಿನ ಆರನೇ ಸಾಲಿನ ಕೊನೆಯಲ್ಲಿ ವಾಕ್ಯ ಮುಗಿದಿಲ್ಲ. ಕೆಳಗಿನ ಪಟ್ಟಿಕೆಯ ಪಾದ ಇನ್ನೂ ಮಣ್ಣಿನಲ್ಲಿದೆ. ದತ್ತಿಯ ವಿವರವೂ 'ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು (ಕಪಿಲೆ ಹಸುವನ್ನು) ಕೊಂದ ಪಾಪಕ್ಕೆ ಹೋಗುವನು' ಎಂಬ ಬಗೆಯ ಶಾಪವೂ ಬರುವುದು ಸಾಮಾನ್ಯವಾಗಿ ಕೊನೆಯಲ್ಲಿ. ನಾಲ್ಕು ಗುದ್ದಲಿ ಮಣ್ಣು ತೆಗೆದರೆ ಕಾಣಬಹುದು. ಆದರೆ ಇಂಥ ಕಲ್ಲನ್ನು ನಿಲ್ಲಿಸಿರುವುದೇ ಆ ಮಣ್ಣು. ಬುಡ ಸಡಿಲವಾದರೆ ಮೊದಲ ಮಳೆಗೆ ಮುಖ ಅಡಿಯಾಗಿ ಬೀಳುತ್ತದೆ, ಅಗೆಯಲು ಇಲಾಖೆಯ ಅನುಮತಿಯೂ ಬೇಕು. ಅರ್ಜಿ ಕೊಟ್ಟಿದೆ. ಅಲ್ಲಿಯ ತನಕ ವಿವರಪತ್ರದ ಕೊನೆಯ ಅಂಕಣದಲ್ಲಿರುವುದು ಇಷ್ಟೇ: ಸಾಲು 7 ಮತ್ತು ಮುಂದೆ, ನೆಲದಡಿ, ಓದಿಲ್ಲ.